ನದಿಯನ್ನು ಅಂಗಳಕ್ಕೆ ಇಳಿಸಿದವರು: ವಿಕ್ಸ್‌ಬರ್ಗ್‌ನ ಸೇನಾ ಎಂಜಿನಿಯರಿಂಗ್ ಪ್ರಯೋಗಾಲಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ವಿಕ್ಸ್‌ಬರ್ಗ್ ಎಂಬ ಊರಿದೆ. ಅಲ್ಲಿ ಆ ದೇಶದ ಭೂಸೇನೆ 1929ರಿಂದ ಒಂದು ಎಂಜಿನಿಯರಿಂಗ್ ಪ್ರಯೋಗಾಲಯ ನಡೆಸುತ್ತಿದೆ. ಅದರ ಸುದ್ದಿ ಎತ್ತಿದಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಎದುರಾಗುತ್ತವೆ. ಕೆಲವು ಪತ್ರಗಳಲ್ಲಿ ಬಂದವು, ಕೆಲವು ಮಾತಿನ ನಡುವೆ ಬಂದವು. ಕೇಳಿದವರ ಮಾತಿನಲ್ಲೇ ಅವನ್ನು ಇಟ್ಟಿದ್ದೇನೆ. ಸುಲಭವಾದವು ಮೊದಲು, ಕಠಿಣವಾದವು ಕೊನೆಗೆ.

## ಪರಿಚಯದ ಪ್ರಶ್ನೆಗಳು

ಸೈನಿಕರಿಗೂ ನದಿಗೂ ಏನು ಸಂಬಂಧ? ಸೇನೆ ಏಕೆ ನೀರಿನ ಪ್ರಯೋಗಾಲಯ ಕಟ್ಟಬೇಕಿತ್ತು?

ಅಮೆರಿಕದಲ್ಲಿ ನದಿಗಳ ಉಸ್ತುವಾರಿ ಮೊದಲಿನಿಂದಲೂ ಭೂಸೇನೆಯ ಎಂಜಿನಿಯರ್‌ಗಳ ದಳದ್ದು. 1802ರಲ್ಲಿ ವೆಸ್ಟ್ ಪಾಯಿಂಟ್‌ನಲ್ಲಿ ಸೇನಾ ಅಕಾಡೆಮಿ ಶುರುವಾದಾಗ ಆ ದೇಶದಲ್ಲಿ ಎಂಜಿನಿಯರಿಂಗ್ ಕಲಿಸುವ ಬೇರೆ ಶಾಲೆಯೇ ಇರಲಿಲ್ಲ. ಕೋಟೆ ಕಟ್ಟಲು ತರಬೇತಾದವರನ್ನೇ ಸರ್ಕಾರ ದಾರಿ, ಕಾಲುವೆ, ಬಂದರುಗಳ ಕೆಲಸಕ್ಕೂ ಹಚ್ಚಿತು. 1824ರಲ್ಲಿ ಒಹಾಯೊ ಮತ್ತು ಮಿಸಿಸಿಪ್ಪಿ ನದಿಗಳಲ್ಲಿ ದೋಣಿಗಳಿಗೆ ಅಡ್ಡಬರುತ್ತಿದ್ದ ಮರದ ದಿಮ್ಮಿಗಳನ್ನು ತೆಗೆಸುವ ಹೊಣೆಯೂ ಇದೇ ದಳದ ಹೆಗಲೇರಿತು. ಅಲ್ಲಿಂದ ಮುಂದೆ ನದಿ ಅವರ ಕೈ ಬಿಡಲಿಲ್ಲ, ಅವರೂ ನದಿಯನ್ನು ಬಿಡಲಿಲ್ಲ. ಒಡ್ಡು ಕಟ್ಟಿದವರೂ ಅವರೇ, ಒಡ್ಡು ಒಡೆದಾಗ ಬೈಸಿಕೊಂಡವರೂ ಅವರೇ.

1927ರ ಪ್ರವಾಹ ಬರದಿದ್ದರೆ ಈ ಪ್ರಯೋಗಾಲಯ ಹುಟ್ಟುತ್ತಲೇ ಇರಲಿಲ್ಲವೇ?

ಆಗ ಹುಟ್ಟುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ. 1879ರಲ್ಲಿ ಮಿಸಿಸಿಪ್ಪಿ ನದಿ ಆಯೋಗ ರಚನೆಯಾಯಿತು. ಆ ಬಳಿಕ ಹಲವು ದಶಕಗಳ ಕಾಲ ನಡೆದದ್ದು ಒಂದೇ ನೀತಿ: ಒಡ್ಡು ಇದ್ದರೆ ಸಾಕು. ಎರಡೂ ಕಡೆ ಮಣ್ಣಿನ ಒಡ್ಡು ಏರಿಸಿ ನೀರನ್ನು ಒಳಗೇ ಹಿಡಿದಿಟ್ಟರೆ ನದಿ ರಭಸದಿಂದ ಹರಿದು ತನ್ನ ಪಾತ್ರವನ್ನು ತಾನೇ ಕೊರೆದು ಆಳ ಮಾಡಿಕೊಳ್ಳುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಹೆಚ್ಚುವರಿ ನೀರು ಹೊರಹೋಗಲು ಬೇರೆ ದಾರಿ ಬಿಡಬೇಕು, ಮೇಲ್ಭಾಗದಲ್ಲಿ ಜಲಾಶಯ ಕಟ್ಟಬೇಕು ಎಂದವರ ಮಾತು ಮೂಲೆಗೆ ಬಿತ್ತು.

1927ರ ಏಪ್ರಿಲ್ 21ರಂದು ಮೌಂಡ್ಸ್ ಲ್ಯಾಂಡಿಂಗ್ ಎಂಬಲ್ಲಿ ಒಡ್ಡು ಒಡೆಯಿತು. ಅದರ ಮೇಲೆ ಮರಳಿನ ಚೀಲ ಹೊರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದ ಬಡ ಕೃಷಿ ಕಾರ್ಮಿಕರು. ಅವರಲ್ಲಿ ಅನೇಕರು ಕೊಚ್ಚಿಹೋದರು. ಆ ವರ್ಷದ ಪ್ರವಾಹದಲ್ಲಿ ಒಟ್ಟು ಸುಮಾರು 70,000 ಚದರ ಕಿಲೋಮೀಟರ್ ನೆಲ ಮುಳುಗಿತು, ಆರು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಒಡ್ಡಿನ ಜೊತೆಗೆ ಐವತ್ತು ವರ್ಷದ ನಂಬಿಕೆಯೂ ಒಡೆಯಿತು. 1928ರ ಪ್ರವಾಹ ನಿಯಂತ್ರಣ ಕಾಯ್ದೆ ನೀರಿಗೆ ಹೊರದಾರಿಗಳನ್ನು ಬಿಡುವ ಹೊಸ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆದರೆ ಆ ಹೊರದಾರಿ ಎಲ್ಲಿರಬೇಕು, ಎಷ್ಟು ಅಗಲವಿರಬೇಕು, ಅಲ್ಲಿ ಬಿಟ್ಟರೆ ಕೆಳಗೆ ಎಷ್ಟು ಇಳಿಯುತ್ತದೆ? ಕೇಳಿ ತಿಳಿಯಲು ನದಿಯ ಹೊರತು ಯಾರೂ ಇರಲಿಲ್ಲ, ನದಿಯನ್ನು ಕೇಳುವುದು ಎಷ್ಟು ದುಬಾರಿ ಎಂಬುದು 1927ರಲ್ಲಿ ಗೊತ್ತಾಗಿತ್ತು.

ಇದನ್ನು ಸ್ಥಾಪಿಸಿದವರು ಯಾರು? ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ.

ಮೂರು ಹೆಸರುಗಳನ್ನು ಒಟ್ಟಿಗೆ ಹೇಳುವುದು ನ್ಯಾಯ. ಮೊದಲನೆಯವರು ಜಾನ್ ಫ್ರೀಮನ್. ಇವರು ಸೇನೆಯವರಲ್ಲ, ಖಾಸಗಿ ಎಂಜಿನಿಯರ್. 1913ರಲ್ಲಿ ಯುರೋಪಿಗೆ ಹೋದಾಗ ಡ್ರೆಸ್ಡೆನ್‌ನಲ್ಲಿ ಹ್ಯೂಬರ್ಟ್ ಏಂಗೆಲ್ಸ್, ಕಾರ್ಲ್ಸ್‌ರೂಯದಲ್ಲಿ ಥಿಯೊಡೋರ್ ರೇಬಾಕ್ ಅವರ ಪ್ರಯೋಗಾಲಯಗಳನ್ನು ಕಂಡರು. ಚಿಕ್ಕ ತೊಟ್ಟಿಯಲ್ಲಿ ದೊಡ್ಡ ನದಿಯ ನಡತೆಯನ್ನು ಓದುವುದನ್ನು ನೋಡಿ ಬಂದವರು ತಮ್ಮ ದೇಶಕ್ಕೂ ಅಂಥದ್ದು ಬೇಕೆಂದು ವರ್ಷಗಟ್ಟಲೆ ಬೆನ್ನು ಹತ್ತಿದರು.

ಎರಡನೆಯವರು ದಳದ ಮುಖ್ಯಸ್ಥ ಜನರಲ್ ಎಡ್ಗರ್ ಜಾಡ್ವಿನ್. ಇವರು ಮೊದಲಿಗೆ ಪ್ರಯೋಗಾಲಯವನ್ನು ವಿರೋಧಿಸಿದವರು. ಪ್ರವಾಹದ ನಂತರ, ಸೇನೆಯ ಹಿಡಿತದ ಹೊರಗೆ ಒಂದು ರಾಷ್ಟ್ರೀಯ ಪ್ರಯೋಗಾಲಯ ತಲೆಯೆತ್ತುವ ಸೂಚನೆ ಕಂಡಾಗ, ದಳದ್ದೇ ಆದ ಒಂದನ್ನು ಕಟ್ಟಲು ಒಪ್ಪಿದರು. ಮೂರನೆಯವರು ಲೆಫ್ಟಿನೆಂಟ್ ಹರ್ಬರ್ಟ್ ವೋಗೆಲ್. ಬರ್ಲಿನ್‌ನಲ್ಲಿ ಓದಿ 1929ರಲ್ಲಿ ಡಾಕ್ಟರೇಟ್ ಪಡೆದು ಬಂದಿದ್ದ ಈ ಯುವಕನ ಕೈಗೆ ಖಾಲಿ ಜಾಗ ಮತ್ತು ಒಂದು ಹಳ್ಳವನ್ನು ಕೊಟ್ಟರು. ಹಳ್ಳಕ್ಕೆ ಅಡ್ಡಗಟ್ಟಿ ಕೆರೆ ಮಾಡಿಕೊಂಡರು. ಕೆರೆಯ ನೀರು ತಾನಾಗಿ ಇಳಿದು ನದಿಯ ಪುಟ್ಟ ಮಾದರಿಗಳಿಗೆ ಹರಿಯುವಂತೆ ಏರ್ಪಾಟಾಯಿತು. ಕನಸು ಕಂಡವರು, ಅಪ್ಪಣೆ ಕೊಟ್ಟವರು, ಮಣ್ಣು ಮುಟ್ಟಿದವರು ಮೂವರೂ ಬೇರೆ ಬೇರೆ. ನನ್ನ ಒಲವು ಯಾವತ್ತೂ ಮಣ್ಣು ಮುಟ್ಟಿದವರ ಕಡೆಗೆ.

ಅದರ ಹೆಸರು ಏನೆಂದು ಕರೆಯಬೇಕು?

1929ರಿಂದ ಅದು ವಾಟರ್‌ವೇಸ್ ಎಕ್ಸ್‌ಪೆರಿಮೆಂಟ್ ಸ್ಟೇಷನ್. 1990ರ ದಶಕದ ಕೊನೆಯಲ್ಲಿ ದಳದ ಎಲ್ಲ ಸಂಶೋಧನಾ ಘಟಕಗಳನ್ನು ಒಂದೇ ಸೂರಿನಡಿ ತಂದು ಎಂಜಿನಿಯರ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಸೆಂಟರ್ ಎಂದು ಕರೆದರು. ಅದರ ಏಳು ಪ್ರಯೋಗಾಲಯಗಳಲ್ಲಿ ನಾಲ್ಕು ವಿಕ್ಸ್‌ಬರ್ಗ್‌ನಲ್ಲೇ ಇವೆ. ಉಳಿದ ಮೂರರಲ್ಲಿ ಒಂದು ನ್ಯೂ ಹ್ಯಾಂಪ್‌ಶೈರ್‌ನ ಹ್ಯಾನೋವರ್‌ನಲ್ಲಿ ಹಿಮ ಮತ್ತು ಹೆಪ್ಪುಗಟ್ಟಿದ ನೆಲವನ್ನು ಅಭ್ಯಾಸ ಮಾಡುತ್ತದೆ, ಒಂದು ಇಲಿನಾಯ್‌ನ ಶಾಂಪೇನ್‌ನಲ್ಲಿ ಕಟ್ಟಡ ನಿರ್ಮಾಣವನ್ನು, ಇನ್ನೊಂದು ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಭೂಪಟ ವಿಜ್ಞಾನವನ್ನು.

## ಮಾದರಿ ನದಿಗಳ ಬಗ್ಗೆ

ಒಂದು ಕಿಲೋಮೀಟರ್ ಅಗಲದ ನದಿಯನ್ನು ತೊಟ್ಟಿಯಲ್ಲಿ ಓಡಿಸಿದರೆ ನಿಜ ತಿಳಿಯುವುದು ಹೇಗೆ? ಅದು ಆಟಿಕೆಯಲ್ಲವೇ?

ಈ ಅನುಮಾನ ಸರಿಯಾದದ್ದೇ. ಪ್ರಯೋಗಾಲಯದವರೂ ಇದೇ ಅನುಮಾನದಿಂದ ಕೆಲಸ ಶುರುಮಾಡುತ್ತಾರೆ.

ಮಿಸಿಸಿಪ್ಪಿ ಕಣಿವೆಯ ದೊಡ್ಡ ಮಾದರಿಯನ್ನೇ ತೆಗೆದುಕೊಳ್ಳಿ. ಅಡ್ಡಳತೆಯಲ್ಲಿ ಅದನ್ನು 2,000 ಪಟ್ಟು ಕುಗ್ಗಿಸಿದ್ದರು. ಒಂದು ಕಿಲೋಮೀಟರ್ ಅಗಲದ ನದಿ ಅಲ್ಲಿ ಅರ್ಧ ಮೀಟರ್. ಆಳವನ್ನೂ ಅಷ್ಟೇ ಕುಗ್ಗಿಸಿದರೆ 20 ಮೀಟರ್ ಆಳದ ನೀರು ಒಂದು ಸೆಂಟಿಮೀಟರ್ ಆಗುತ್ತದೆ. ಅಷ್ಟು ತೆಳುವಾದ ನೀರು ನದಿಯಂತೆ ಹರಿಯುವುದಿಲ್ಲ, ನೆಲಕ್ಕೆ ಅಂಟಿಕೊಂಡು ಜಾರುತ್ತದೆ. ಹಾಗಾಗಿ ಆಳವನ್ನು 100 ಪಟ್ಟು ಮಾತ್ರ ಕುಗ್ಗಿಸಿದರು. 20 ಮೀಟರ್ ಈಗ 20 ಸೆಂಟಿಮೀಟರ್. ಇದರಿಂದ ನೀರು ನೀರಿನಂತೆ ಹರಿಯಿತು, ಆದರೆ ಇಳಿಜಾರು 20 ಪಟ್ಟು ಕಡಿದಾಯಿತು. ಹಾಗೇ ಬಿಟ್ಟರೆ ನೀರು ಓಡಿಹೋಗುತ್ತದೆ. ಅದನ್ನು ತಡೆದು ನಿಧಾನ ಮಾಡಲು ನದಿಪಾತ್ರದಲ್ಲಿ ಹಿತ್ತಾಳೆಯ ಗುಬುಟುಗಳನ್ನು ನೆಟ್ಟರು. ದಡದಲ್ಲಿ ಕಾಡಿರುವ ಕಡೆ ತಂತಿಬಲೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ ನಿಲ್ಲಿಸಿದರು. ಕಾಡು ದಟ್ಟವಿದ್ದರೆ ಬಲೆಯೂ ದಟ್ಟ.

ಇಷ್ಟಾದರೂ ಮಾದರಿಯನ್ನು ಯಾರೂ ನಂಬುವುದಿಲ್ಲ. ಮೊದಲು ಅದು ಪರೀಕ್ಷೆ ಪಾಸಾಗಬೇಕು. ನಿಜವಾಗಿ ನಡೆದುಹೋದ ಒಂದು ಪ್ರವಾಹದ ನೀರನ್ನು ಅದೇ ಅಳತೆಯಲ್ಲಿ ಮಾದರಿಗೆ ಬಿಡುತ್ತಾರೆ. ಯಾವ ಊರಿನಲ್ಲಿ ಯಾವ ದಿನ ನೀರು ಎಷ್ಟು ಏರಿತ್ತೋ ಮಾದರಿಯಲ್ಲೂ ಅಷ್ಟೇ ಏರಬೇಕು. ಏರದಿದ್ದರೆ ಎಲ್ಲೋ ಗುಬುಟು ತೆಗೆಯುತ್ತಾರೆ, ಎಲ್ಲೋ ಬಲೆ ಸೇರಿಸುತ್ತಾರೆ, ಮತ್ತೆ ನೀರು ಬಿಡುತ್ತಾರೆ. ಹಿಂದಿನದನ್ನು ತಪ್ಪಿಲ್ಲದೆ ಹೇಳಿದ ಮೇಲಷ್ಟೇ ಮುಂದಿನದನ್ನು ಕೇಳುವುದು. ತಳದ ಹೂಳು ಹೇಗೆ ಸರಿಯುತ್ತದೆಂದು ನೋಡಬೇಕಾದ ಮಾದರಿಗಳಲ್ಲಿ ಮರಳಿನ ಬದಲು ಕಲ್ಲಿದ್ದಲಿನ ಪುಡಿ ಹಾಕುವುದೂ ಉಂಟು. ಅದು ಹಗುರ, ಮಾದರಿಯ ಮಂದ ಹರಿವಿಗೂ ಕದಲುತ್ತದೆ.

ಜರ್ಮನ್ ಯುದ್ಧಕೈದಿಗಳು ಅಮೆರಿಕದ ನದಿಯನ್ನು ಕಟ್ಟಿದರಂತೆ, ನಿಜವೇ?

ನಿಜ. 1937ರಲ್ಲಿ ಮತ್ತೊಂದು ಭಾರಿ ಪ್ರವಾಹ ಬಂದ ಮೇಲೆ, ನದಿಯ ಒಂದೊಂದು ತುಂಡನ್ನು ಬಿಡಿಬಿಡಿಯಾಗಿ ನೋಡಿದರೆ ಸಾಲದು ಎಂಬುದು ಮನವರಿಕೆಯಾಯಿತು. ಮೇಲೆ ಉಪನದಿ ಮಿಸೂರಿಯಲ್ಲಿ ನೀರು ಹಿಡಿದರೆ ಕೆಳಗೆ ಏನಾಗುತ್ತದೆ? ಒಹಾಯೊ ಮತ್ತು ಮಿಸಿಸಿಪ್ಪಿ ಒಂದೇ ವಾರ ಉಕ್ಕಿದರೆ? ಇಡೀ ಕಣಿವೆಯ ಮಾದರಿಯನ್ನು ಒಂದೇ ಕಡೆ ಕಟ್ಟುವ ಯೋಚನೆ ದಳದ ಮುಖ್ಯಸ್ಥ ಯೂಜೀನ್ ರೇಬೋಲ್ಡ್ ಅವರದ್ದು. ಆ ಕಣಿವೆ ಅಮೆರಿಕದ ಮುಖ್ಯ ಭೂಭಾಗದ ಶೇಕಡ 41ರಷ್ಟು ವಿಸ್ತಾರವಿದೆ. ಅಷ್ಟನ್ನೂ ಕುಗ್ಗಿಸಿದರೂ ಸುಮಾರು 200 ಎಕರೆ ಬೇಕಾಯಿತು.

1943ರಲ್ಲಿ ಊರಿನ ಗಂಡಸರು ಯುದ್ಧದಲ್ಲಿದ್ದರು. ಮಿಸಿಸಿಪ್ಪಿ ರಾಜ್ಯದ ಕ್ಲಿಂಟನ್ ಬಳಿ ಕೈದಿಗಳ ಶಿಬಿರವೊಂದಿತ್ತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಜರ್ಮನ್ ಸೈನಿಕರು. ಕೈದಿಗಳಿಂದ ಯುದ್ಧದ ಕೆಲಸ ಮಾಡಿಸುವಂತಿಲ್ಲ ಎಂದು ಜಿನೀವಾ ಒಪ್ಪಂದ ಹೇಳುತ್ತದೆ. ಪ್ರವಾಹ ತಡೆಯುವುದು ಯುದ್ಧದ ಕೆಲಸವಲ್ಲ. ಹತ್ತು ಲಕ್ಷ ಘನ ಗಜ ಮಣ್ಣನ್ನು ಎತ್ತಿ, ಸರಿಸಿ, ಕಣಿವೆಯ ಆಕಾರಕ್ಕೆ ತಂದವರು ಇವರು. ಕೆಲಸ ಮಾಡಿದ ಕೈದಿಗೆ ದಿನಕ್ಕೆ 80 ಸೆಂಟ್ ಕೂಲಿ. ಅದೇ ಶಿಬಿರದಲ್ಲಿ ಜರ್ಮನ್ ಜನರಲ್‌ಗಳೂ ಇದ್ದರು, ಒಪ್ಪಂದದ ಪ್ರಕಾರ ಅವರು ಕೆಲಸ ಮಾಡಬೇಕಾಗಿರಲಿಲ್ಲ. 1946ರಲ್ಲಿ ಕೈದಿಗಳು ಹಿಂದಿರುಗಿದರು. ಅಷ್ಟು ಹೊತ್ತಿಗೆ ನೆಲ ಹದವಾಗಿತ್ತು. ಕಾಂಕ್ರೀಟ್ ಕೆಲಸ ಮುಂದುವರಿದು ಮಾದರಿ ಪೂರ್ಣಗೊಂಡದ್ದು 1966ರಲ್ಲಿ.

ಅಷ್ಟು ಖರ್ಚು ಮಾಡಿ ಕಟ್ಟಿದ್ದು ಒಮ್ಮೆಯಾದರೂ ನಿಜವಾದ ಪ್ರವಾಹದಲ್ಲಿ ನೆರವಿಗೆ ಬಂತೇ?

ಬಂತು, ಅದೂ ಅರ್ಧ ಮುಗಿದಿದ್ದಾಗಲೇ. 1952ರ ಏಪ್ರಿಲ್‌ನಲ್ಲಿ ಮಿಸೂರಿ ನದಿ ಉಕ್ಕಿ ಬಂತು. ಮಾದರಿಯ ಮಿಸೂರಿ ಭಾಗ ಆಗ ಸಿದ್ಧವಿತ್ತು. ಎಂಜಿನಿಯರ್‌ಗಳು ಹಗಲು ರಾತ್ರಿ ಅದರಲ್ಲಿ ನೀರು ಓಡಿಸಿದರು.

ಇಲ್ಲಿ ಕಾಲದ ಲೆಕ್ಕವನ್ನು ಗಮನಿಸಬೇಕು. ಆ ಮಾದರಿಯಲ್ಲಿ ನದಿಯ ಒಂದು ದಿನ ಸುಮಾರು ಐದೂವರೆ ನಿಮಿಷದಲ್ಲಿ ಕಳೆದುಹೋಗುತ್ತದೆ. ಒಂದು ವಾರದ ಪ್ರವಾಹವನ್ನು ಮುಕ್ಕಾಲು ಗಂಟೆಯೊಳಗೆ ನೋಡಿ ಮುಗಿಸಬಹುದು. ನದಿಯಲ್ಲಿ ನೀರು ಇನ್ನೂ ಮೇಲಿರುವಾಗಲೇ ಅಂಗಳದ ನದಿಯಲ್ಲಿ ಅದು ಮಿಸೂರಿ ದಂಡೆಯ ಒಮಾಹಾ ಊರನ್ನು ದಾಟಿ ಆಗಿರುತ್ತದೆ. ಯಾವ ಒಡ್ಡನ್ನು ಎಷ್ಟು ಏರಿಸಬೇಕು, ಎಲ್ಲಿ ಏರಿಸಿ ಪ್ರಯೋಜನವಿಲ್ಲ ಎಂದು ಒಮಾಹಾ ಮತ್ತು ಕೌನ್ಸಿಲ್ ಬ್ಲಫ್ಸ್ ಊರುಗಳಿಗೆ ಮುಂಚೆಯೇ ತಿಳಿಸಿದರು. ಎರಡೂ ಊರುಗಳು ಉಳಿದವು. 6.5 ಕೋಟಿ ಡಾಲರ್ ನಷ್ಟ ತಪ್ಪಿತೆಂದು ದಳ ಅಂದಾಜು ಮಾಡಿತು. ಅಂದಾಜಿನ ಮೊತ್ತದ ಬಗ್ಗೆ ಯಾರು ಬೇಕಾದರೂ ವಾದಿಸಬಹುದು. ನನ್ನ ಮನಸ್ಸಿನಲ್ಲಿ ನಿಂತಿರುವುದು ಆ ಐದೂವರೆ ನಿಮಿಷ.

ಈಗ ಆ ಮಾದರಿ ಎಲ್ಲಿದೆ, ನೋಡಲು ಸಿಗುತ್ತದೆಯೇ?

1973ರ ಪ್ರವಾಹದಲ್ಲಿ ಅದನ್ನು ಮತ್ತೆ ಬಳಸಿದರು. ಅಷ್ಟರಲ್ಲಿ ಕಂಪ್ಯೂಟರ್‌ಗಳು ಬಂದಿದ್ದವು. 1993ರಲ್ಲಿ ಜಾಗವನ್ನು ಕ್ಲಿಂಟನ್‌ಗೆ ಹತ್ತಿರದ ಜಾಕ್ಸನ್ ನಗರಕ್ಕೆ ಬಿಟ್ಟುಕೊಟ್ಟರು. ಉದ್ಯಾನವೊಂದರ ಪಕ್ಕ ಅದು ಕಾಡು ಬೆಳೆದು ಬಿದ್ದುಕೊಂಡಿದೆ. ತಂತಿಬಲೆಯಿಂದ ಮಾಡಿದ ಕಾಡಿನ ಮೇಲೆ ನಿಜವಾದ ಕಾಡು ಹಬ್ಬಿದೆ.

## ಮಣ್ಣು, ಕೆಸರು, ಕಾಂಕ್ರೀಟು

ನೀರಿನ ಪ್ರಯೋಗಾಲಯ ವಿಮಾನದ ರನ್‌ವೇ ವಿಷಯಕ್ಕೆ ಹೇಗೆ ಕೈ ಹಾಕಿತು?

ಒಡ್ಡು ಎಂದರೆ ಮಣ್ಣು. ಒಡ್ಡು ಏಕೆ ಕುಸಿಯುತ್ತದೆಂದು ತಿಳಿಯಲು ಹೊರಟವರು 1930ರ ದಶಕದಲ್ಲೇ ಮಣ್ಣಿನ ಪರೀಕ್ಷಾಲಯ ತೆರೆದಿದ್ದರು. ಯುದ್ಧಕಾಲದಲ್ಲಿ ವಿಮಾನ ನಿಲ್ದಾಣ ಕಟ್ಟುವ ಕೆಲಸ ದಳಕ್ಕೆ ಬಿತ್ತು. ಬಾಂಬರ್‌ಗಳು ವರ್ಷದಿಂದ ವರ್ಷಕ್ಕೆ ಭಾರವಾಗುತ್ತಿದ್ದವು. ಬಿ-29 ತುಂಬಿ ನಿಂತರೆ 60 ಟನ್ ಮುಟ್ಟುತ್ತಿತ್ತು. ಎಷ್ಟು ದಪ್ಪ ಜಲ್ಲಿ, ಎಷ್ಟು ದಪ್ಪ ಡಾಂಬರು ಹಾಕಿದರೆ ತಾಳುತ್ತದೆ? ಹೊಸ ಸಿದ್ಧಾಂತ ಕಟ್ಟಲು ಸಮಯವಿರಲಿಲ್ಲ. ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆಯ ಒ. ಜೆ. ಪೋರ್ಟರ್ ರೂಪಿಸಿದ್ದ ಸರಳ ಪರೀಕ್ಷೆಯೊಂದನ್ನು 1942ರಲ್ಲಿ ಎತ್ತಿಕೊಂಡರು. ಅದೇ ಸಿಬಿಆರ್, ಅಂದರೆ ಕ್ಯಾಲಿಫೋರ್ನಿಯಾ ಬೇರಿಂಗ್ ರೇಶಿಯೊ.

ಪರೀಕ್ಷೆ ಇಷ್ಟೇ: ಅಚ್ಚಿನಲ್ಲಿ ಗಟ್ಟಿಯಾಗಿ ತುಂಬಿದ ಮಣ್ಣಿನೊಳಗೆ ಸುಮಾರು 50 ಮಿಲಿಮೀಟರ್ ವ್ಯಾಸದ ಉಕ್ಕಿನ ಕಂಬಿಯನ್ನು ನಿಮಿಷಕ್ಕೆ 1.25 ಮಿಲಿಮೀಟರ್‌ನಂತೆ ಒತ್ತುವುದು, 2.5 ಮಿಲಿಮೀಟರ್ ಇಳಿಯಲು ಎಷ್ಟು ಬಲ ಬೇಕಾಯಿತೆಂದು ನೋಡುವುದು. ಒಳ್ಳೆಯ ಜಲ್ಲಿಗೆ ಬೇಕಾದ ಬಲದ ಶೇಕಡ ಎಷ್ಟು ಎಂಬುದೇ ಉತ್ತರ. ರಸ್ತೆಗಾಗಿ ಹುಟ್ಟಿದ ಈ ಪರೀಕ್ಷೆಯನ್ನು ಭಾರಿ ವಿಮಾನಗಳ ಚಕ್ರಕ್ಕೆ ಹೊಂದಿಸಲು, ನಿಜವಾದ ರನ್‌ವೇ ತುಣುಕುಗಳ ಮೇಲೆ ಭಾರದ ಗಾಡಿಗಳನ್ನು ಒಡೆಯುವ ತನಕ ಓಡಿಸಿದರು. ಇಂದಿಗೂ ಜಗತ್ತಿನ ಬಹುಪಾಲು ರಸ್ತೆ ಎಂಜಿನಿಯರ್‌ಗಳು ಸಿಬಿಆರ್ ಎಷ್ಟು ಎಂದು ಕೇಳಿಯೇ ಮುಂದಿನ ಮಾತಾಡುತ್ತಾರೆ. ಮಣ್ಣಿನ ಬಗೆಗಳನ್ನು ಗುರುತಿಸಲು ಎಂಜಿನಿಯರ್‌ಗಳು ಬಳಸುವ ಸಿಎಲ್, ಸಿಎಚ್, ಎಂಎಲ್ ಅಕ್ಷರಗಳ ಮೂಲವೂ ಯುದ್ಧಕಾಲದ ವಿಮಾನ ನಿಲ್ದಾಣಗಳೇ. 1942ರಲ್ಲಿ ಮಣ್ಣಿನ ತಜ್ಞ ಆರ್ಥರ್ ಕಾಸಾಗ್ರಾಂಡೆ ಅವುಗಳಿಗಾಗಿ ಮಾಡಿಕೊಟ್ಟ ವರ್ಗೀಕರಣವೇ ತುಸು ತಿದ್ದುಪಡಿಯಾಗಿ 1952ರಲ್ಲಿ ಎಲ್ಲ ಕೆಲಸಕ್ಕೂ ಅನ್ವಯವಾಯಿತು.

ಕೆಸರಿನಲ್ಲಿ ಟ್ಯಾಂಕ್ ಹೂತುಹೋಗುತ್ತದೆಯೋ ಇಲ್ಲವೋ ಮೊದಲೇ ಹೇಳಲು ಸಾಧ್ಯವೇ?

ಸಾಧ್ಯ. ಅದಕ್ಕೆ ಬೇಕಾದ ಉಪಕರಣವನ್ನು ಒಬ್ಬ ಸೈನಿಕ ಹೆಗಲಿಗೆ ಹಾಕಿಕೊಂಡು ಹೋಗಬಹುದು. 1945ರಲ್ಲಿ ಶುರುವಾದ ಈ ಕೆಲಸದ ಫಲ ಕೋನ್ ಪೆನೆಟ್ರೋಮೀಟರ್. ಒಂದು ಸರಳು, ತುದಿಯಲ್ಲಿ 30 ಡಿಗ್ರಿಯ ಚೂಪು ಶಂಕು, ಅದರ ಬುಡದ ವಿಸ್ತಾರ ಅರ್ಧ ಚದರ ಇಂಚು, ಮೇಲೆ ಹಿಡಿ ಮತ್ತು ಬಲ ತೋರಿಸುವ ಮುಳ್ಳು. ಎರಡೂ ಕೈಯಿಂದ ಒತ್ತುತ್ತಾ ಹೋಗಿ, ಇಂತಿಷ್ಟು ಆಳದಲ್ಲಿ ಮುಳ್ಳು ಎಲ್ಲಿದೆ ಎಂದು ಓದಬೇಕು.

ಆದರೆ ಮಣ್ಣು ಮೊದಲ ಗಾಡಿಗೆ ಕೊಟ್ಟ ಆಸರೆಯನ್ನು ಹತ್ತನೆಯ ಗಾಡಿಗೆ ಕೊಡುವುದಿಲ್ಲ, ತುಳಿದಷ್ಟೂ ಮೆತ್ತಗಾಗುತ್ತದೆ. ಹಾಗಾಗಿ ಸ್ವಲ್ಪ ಮಣ್ಣನ್ನು ಕೊಳವೆಗೆ ಹಾಕಿ, ಸಣ್ಣ ಸುತ್ತಿಗೆಯಿಂದ 100 ಪೆಟ್ಟು ಕೊಟ್ಟು ಮತ್ತೆ ಶಂಕು ಒತ್ತಿ, ಎಷ್ಟು ಬಲ ಉಳಿಯಿತೆಂದು ಅಳೆಯುತ್ತಾರೆ. ಪ್ರತಿ ವಾಹನಕ್ಕೂ ಒಂದು ಅಂಕಿ ಕಟ್ಟಿದ್ದಾರೆ: ಒಂದೇ ಜಾಡಿನಲ್ಲಿ 50 ಸಲ ಹಾಯಲು ನೆಲಕ್ಕೆ ಕನಿಷ್ಠ ಇಷ್ಟು ಬಲ ಇರಬೇಕು ಎಂದು. ನೆಲದ ಅಂಕಿ ವಾಹನದ ಅಂಕಿಗಿಂತ ಹೆಚ್ಚಿದ್ದರೆ ಹೋಗಬಹುದು. ಇದೇ ಶಂಕುವನ್ನು ಈಗ ಕೃಷಿ ವಿಜ್ಞಾನಿಗಳು ಹೊಲದ ಮಣ್ಣು ಟ್ರ್ಯಾಕ್ಟರ್ ತುಳಿತಕ್ಕೆ ಎಷ್ಟು ಗಡುಸಾಗಿದೆ ಎಂದು ನೋಡಲು ಬಳಸುತ್ತಾರೆ. ಬೇರು ಇಳಿಯಲು ಕಷ್ಟಪಡುವ ನೆಲವನ್ನು ಸೇನೆಯ ಸರಳು ಕಂಡುಹಿಡಿಯುತ್ತದೆ.

ಚಂದ್ರನ ಮೇಲೆ ಓಡಿದ ಗಾಡಿಗೂ ಈ ಪ್ರಯೋಗಾಲಯಕ್ಕೂ ನಂಟಿದೆಯೇ?

ಇದೆ. 1971ರ ಅಪೊಲೊ 15ರಲ್ಲಿ ಮೊದಲು ಓಡಿದ ಚಂದ್ರವಾಹನದ ಚಕ್ರಕ್ಕೆ ಗಾಳಿ ತುಂಬಿದ ಟೈರು ಇರಲಿಲ್ಲ. ಉಕ್ಕಿನ ತಂತಿ ಹೆಣೆದ ಚಕ್ರಕ್ಕೆ ಟೈಟೇನಿಯಂ ಪಟ್ಟಿಗಳನ್ನು ಕೂರಿಸಿದ್ದರು. ಆ ಚಕ್ರಗಳನ್ನು ಚಂದ್ರನ ಧೂಳಿನಂತೆ ಸಿದ್ಧಪಡಿಸಿದ ಪುಡಿಯ ಮೇಲೆ ಓಡಿಸಿ ನೋಡಿದ್ದು ಇಲ್ಲಿ. ಕೆಸರಿನಲ್ಲಿ ಚಕ್ರ ಹೇಗೆ ಹೂಳುತ್ತದೆಂದು ಇಪ್ಪತ್ತೈದು ವರ್ಷ ನೋಡಿದ್ದವರನ್ನು ಬಿಟ್ಟು ಬೇರೆ ಯಾರನ್ನು ಕೇಳಬೇಕಿತ್ತು?

ಕಾಂಕ್ರೀಟ್ ತುಂಡುಗಳನ್ನು ಸಮುದ್ರದಲ್ಲಿ ಬಿಟ್ಟು ದಶಕಗಟ್ಟಲೆ ಕಾಯುತ್ತಾರಂತೆ?

ಹೌದು, ಮೇಯ್ನ್ ರಾಜ್ಯದ ಟ್ರೀಟ್ ದ್ವೀಪದಲ್ಲಿ, 1936ರಿಂದ. ಅಲ್ಲಿ ಉಬ್ಬರ ಬಂದಾಗ ಉಪ್ಪುನೀರು ಕಾಂಕ್ರೀಟನ್ನು ಮುಳುಗಿಸುತ್ತದೆ, ಇಳಿದಾಗ ಚಳಿಗೆ ಅದರೊಳಗಿನ ನೀರು ಹೆಪ್ಪುಗಟ್ಟುತ್ತದೆ, ಮುಂದಿನ ಉಬ್ಬರಕ್ಕೆ ಮತ್ತೆ ಕರಗುತ್ತದೆ. ಒಂದೇ ಚಳಿಗಾಲದಲ್ಲಿ ನೂರಕ್ಕೂ ಹೆಚ್ಚು ಸಲ ಹೀಗಾಗುತ್ತದೆ. ಕೆಟ್ಟ ಕಾಂಕ್ರೀಟು ಬೇಗ ಪುಡಿಯಾಗುತ್ತದೆ, ಒಳ್ಳೆಯದು ದಶಕಗಳನ್ನು ಕಳೆಯುತ್ತದೆ.

## ಕಷ್ಟದ ಪ್ರಶ್ನೆಗಳು

ನದಿಯ ತಿರುವುಗಳನ್ನು ಕತ್ತರಿಸಿ ನೇರ ಮಾಡಿದ್ದು ಸರಿಯಾಯಿತೇ?

ಅರ್ಧ ಸರಿ. 1930ರ ದಶಕದಲ್ಲಿ ಹಾರ್ಲಿ ಫರ್ಗುಸನ್ ನೇತೃತ್ವದಲ್ಲಿ ಕೆಳಭಾಗದ ಮಿಸಿಸಿಪ್ಪಿಯ ಸುತ್ತುಗಳನ್ನು ಕಡಿದು ನದಿಯನ್ನು ಸುಮಾರು 240 ಕಿಲೋಮೀಟರ್ ಗಿಡ್ಡ ಮಾಡಿದರು. ವಿಕ್ಸ್‌ಬರ್ಗ್‌ನ ಮಾದರಿಗಳಲ್ಲಿ ಇವನ್ನು ಪರೀಕ್ಷಿಸಿದ್ದರು. ಪ್ರವಾಹದ ಮಟ್ಟ ಇಳಿಯಿತು, ಅದು ನಿಜವಾದ ಲಾಭ. ಆದರೆ ನದಿ ಕಳೆದುಕೊಂಡ ಉದ್ದವನ್ನು ಮರಳಿ ಪಡೆಯಲು ದಡ ಕೊರೆಯತೊಡಗಿತು. ಅದನ್ನು ಹಿಡಿದಿಡಲು ಮೈಲುಗಟ್ಟಲೆ ದಡಕ್ಕೆ ಕಾಂಕ್ರೀಟ್ ಹಾಸು ಹೊದಿಸಬೇಕಾಯಿತು, ಆ ಕೆಲಸ ಇನ್ನೂ ಮುಗಿದಿಲ್ಲ. ಮುಂದಿನ ಪ್ರವಾಹದ ಮಟ್ಟವನ್ನು ಮಾದರಿ ಚೆನ್ನಾಗಿ ಹೇಳುತ್ತದೆ. ಐವತ್ತು ವರ್ಷದ ನಂತರ ನದಿ ಏನು ಮಾಡುತ್ತದೆ ಎಂಬುದು ಅದಕ್ಕಿಂತ ಬಹಳ ಗಟ್ಟಿಯಾದ ಪ್ರಶ್ನೆ.

ಇಷ್ಟೆಲ್ಲ ಕಂಪ್ಯೂಟರ್ ಇರುವಾಗ ಇನ್ನೂ ಮಾದರಿ ಕಟ್ಟುವುದೇಕೆ?

ಉದ್ದನೆಯ ನದಿಯಲ್ಲಿ ನೀರು ಏರಿಳಿಯುವುದನ್ನು ಕಂಪ್ಯೂಟರ್ ಚೆನ್ನಾಗಿ ಲೆಕ್ಕ ಹಾಕುತ್ತದೆ, ಇಡೀ ಕಣಿವೆಯ ಮಾದರಿ ಮೂಲೆ ಸೇರಿದ್ದು ಅದಕ್ಕೇ. ನೀರು ತೂಬಿನ ಬಾಯಲ್ಲಿ ಸುಳಿಸುತ್ತಿ, ಗಾಳಿ ಬೆರೆಸಿಕೊಂಡು, ತಳದ ಕಲ್ಲನ್ನು ಎತ್ತುವ ಕಡೆ ಈಗಲೂ ಕಾಂಕ್ರೀಟಿನ ಮಾದರಿ ಕಟ್ಟಿ ಕಣ್ಣಿನಿಂದ ನೋಡುತ್ತಾರೆ. ಕಂಪ್ಯೂಟರ್ ಲೆಕ್ಕಕ್ಕೂ ಹಳೆಯ ನಿಯಮವೇ: ನಡೆದುಹೋದದ್ದನ್ನು ಮೊದಲು ಸರಿಯಾಗಿ ಹೇಳಿ ತೋರಿಸಬೇಕು.

ಕತ್ರಿನಾ ಚಂಡಮಾರುತದಲ್ಲಿ ಒಡೆದ ಗೋಡೆಗಳನ್ನು ಕಟ್ಟಿಸಿದ್ದೂ ಇದೇ ದಳ, ತನಿಖೆ ನಡೆಸಿದ್ದೂ ಇದೇ ದಳ. ನಂಬುವುದು ಹೇಗೆ?

ಕೇಳಲೇಬೇಕಾದ ಪ್ರಶ್ನೆ. 2005ರ ಆಗಸ್ಟ್ 29ರಂದು ನ್ಯೂ ಆರ್ಲಿಯನ್ಸ್‌ನ 17ನೇ ಬೀದಿಯ ಕಾಲುವೆಯ ಗೋಡೆ, ನೀರು ಅದರ ನೆತ್ತಿಯನ್ನು ಇನ್ನೂ ಮುಟ್ಟುವ ಮೊದಲೇ ಉರುಳಿತು. ತನಿಖೆಗಾಗಿ ವಿಕ್ಸ್‌ಬರ್ಗ್‌ನಲ್ಲಿ ಆ ಕಾಲುವೆಯ ಮಾದರಿಯನ್ನು ಕಟ್ಟಿದರು. ಮಣ್ಣಿನ ಚಿಕ್ಕ ಮಾದರಿಗಳನ್ನು ಗಿರಗಿರನೆ ತಿರುಗುವ ಯಂತ್ರದಲ್ಲಿಟ್ಟು ಭಾರ ಹೆಚ್ಚಿಸಿ ನೋಡಿದರು. ಕಂಡದ್ದು ಇದು: ನೀರಿನ ಒತ್ತಡಕ್ಕೆ ಗೋಡೆ ತುಸು ಹಿಂದಕ್ಕೆ ವಾಲಿದಾಗ ನೀರಿನ ಕಡೆ ಗೋಡೆಗೂ ಮಣ್ಣಿಗೂ ನಡುವೆ ಸೀಳು ಬಿಡುತ್ತದೆ. ಸೀಳಿನೊಳಗೆ ನೀರು ಇಳಿದು ಬುಡದ ತನಕ ಒತ್ತುತ್ತದೆ. ವಿನ್ಯಾಸದಲ್ಲಿ ಈ ಸೀಳಿನ ಲೆಕ್ಕವೇ ಇರಲಿಲ್ಲ. ದಳದ ಮುಖ್ಯಸ್ಥರು 2006ರಲ್ಲಿ ತಪ್ಪನ್ನು ಒಪ್ಪಿಕೊಂಡರು. ಸೇನೆಯ ಹೊರಗಿನ ತಜ್ಞರ ತಂಡಗಳು ಬೇರೆಯಾಗಿ ತನಿಖೆ ನಡೆಸದೆ, ಒತ್ತಡ ಹೇರದೆ ಹೋಗಿದ್ದರೆ ಒಪ್ಪಿಗೆ ಅಷ್ಟು ಬೇಗ ಬರುತ್ತಿತ್ತೆಂದು ನಾನು ಹೇಳಲಾರೆ. ಆ ತಂಡಗಳು ಬೇಕೇ ಬೇಕು.

ನನ್ನನ್ನು ಹೆಚ್ಚು ಕಾಡುವುದು ಅದಕ್ಕೂ ಇಪ್ಪತ್ತು ವರ್ಷ ಹಿಂದಿನ ಸಂಗತಿ. 1985ರಲ್ಲಿ ಲೂಯಿಸಿಯಾನಾದ ಅಚಫಲಾಯ ಪ್ರದೇಶದಲ್ಲಿ ದಳ ಇಂಥದ್ದೇ ಒಂದು ಗೋಡೆಯನ್ನು ನಿಲ್ಲಿಸಿ, ನೀರು ತುಂಬಿಸಿ ಪರೀಕ್ಷಿಸಿತ್ತು. ನೀರು ಸೋರದಂತೆ ತಡೆಯಲು ಗೋಡೆಗೆ ದಪ್ಪ ಟಾರ್ಪಾಲು ಹೊದಿಸಿದ್ದರು. ಗೋಡೆ ವಾಲಿತು, ಬುಡದಲ್ಲಿ ಸೀಳು ಬಿಟ್ಟಿತು, ಟಾರ್ಪಾಲು ಅದನ್ನು ಮುಚ್ಚಿಕೊಂಡಿತ್ತು. ಫಲಿತಾಂಶವನ್ನು ತಪ್ಪಾಗಿ ಓದಿ, ಗೋಡೆಗೆ ಆಧಾರವಾಗಿ ನೆಲದೊಳಗೆ ಹೂಳುವ ಉಕ್ಕಿನ ಹಲಗೆಗಳನ್ನು ಅಷ್ಟು ಆಳಕ್ಕೆ ಇಳಿಸಬೇಕಾಗಿಲ್ಲ ಎಂದು ತೀರ್ಮಾನಿಸಿದರು. ನ್ಯೂ ಆರ್ಲಿಯನ್ಸ್‌ನ ಕಾಲುವೆ ಗೋಡೆಗಳ ಕೆಳಗೆ ಇಳಿದದ್ದು ಆ ಗಿಡ್ಡ ಹಲಗೆಗಳೇ.